ಇಪ್ಪತ್ತೆರಡೋ ಮೂವತ್ತೆರಡೋ

"ಭಾವ, ಪಾಯಿಂಟ್ ಟ್ವೆಂಟಿಟೂ ತಗೊಳ್ಳೋದೋ, ಪಾಯಿಂಟ್ ತರ್ಟಿಟೂ ತಗೊಳ್ಳೋದೋ?"

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮುಂದೆ ಕೂತು ನನ್ನ ಭಾವಮೈದ ಹೀಗೆ ಕೇಳಿದಾಗ ಮೊದಲು ಅರ್ಥವೇ ಆಗಲಿಲ್ಲ. ಅವನು ಗುಬ್ಬಿ ತಾಲ್ಲೂಕಿನವನು. ನಾಲ್ಕು ಎಕರೆ ಅಡಿಕೆ, ಒಂದಿಷ್ಟು ತೆಂಗು, ಊರಿನಿಂದ ಮುಕ್ಕಾಲು ಮೈಲಿ ಆಚೆಗೆ ತೋಟದ ಮನೆ. ಅವನು ಇದುವರೆಗೆ ನನ್ನನ್ನು ಕೇಳಿದ 'ಇದೋ ಅದೋ' ಪ್ರಶ್ನೆಗಳೆಲ್ಲ ಮೋಟಾರಿನವು, ಪೈಪಿನವು, ಮಗಳ ಕಾಲೇಜಿನವು. "ಯಾವ್ದೋ ಮಾರಾಯ ಅದು?" ಎಂದೆ. ಅಕ್ಕಪಕ್ಕ ನೋಡಿ ದನಿ ತಗ್ಗಿಸಿ, "ರಿವಾಲ್ವರ್ ಭಾವ. ಬೋರ್ ಯಾವ್ದು ಅಂತ ಕೇಳ್ದೆ" ಎಂದ.

ಬೋರ್ ಎಂದರೆ ನಮ್ಮ ಜಿಲ್ಲೆಯಲ್ಲಿ ಆರೂವರೆ ಇಂಚಿನದು. ನೆಲಕ್ಕೆ ಕೊರೆಯುವ ಆ ತೂತಿನ ಬಗ್ಗೆ ಇಲ್ಲಿ ಪ್ರತಿಯೊಬ್ಬನೂ ಪಂಡಿತ. ಅವನು ಕೇಳಿದ್ದು ಇಂಚಿನ ಕಾಲು ಭಾಗದ ಆಸುಪಾಸಿನ ತೂತಿನ ಬಗ್ಗೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು. ಕೋವಿಯ ಸದ್ದು ಕೇಳಿದ್ದು ಆಗಸ್ಟ್ ಹದಿನೈದರಂದು, ದೂರದಿಂದ. ಆದರೂ ಭಾವಮೈದ ಕೇಳಿದ ಮೇಲೆ ಉತ್ತರ ಹುಡುಕಬೇಕಾಯಿತು. ಹುಡುಕುತ್ತಾ ಹೋದಂತೆ ಉತ್ತರಕ್ಕಿಂತ ಪ್ರಶ್ನೆಯೇ ಹೆಚ್ಚು ಕಾಡತೊಡಗಿತು.

ಮೊದಲು ಅಳತೆಯ ಮಾತು. ಪಾಯಿಂಟ್ 22 ಎಂದರೆ ಒಂದು ಇಂಚನ್ನು ನೂರು ಪಾಲು ಮಾಡಿದಾಗ ಅದರಲ್ಲಿ 22 ಪಾಲು, ಸುಮಾರು 5.6 ಮಿಲಿಮೀಟರ್. ಪಾಯಿಂಟ್ 32 ಎಂದರೆ 32 ಪಾಲು. ಮಿಲಿಮೀಟರಿನಲ್ಲಿ ಹೇಳುವಾಗ ಇದಕ್ಕೆ 7.65 ಎನ್ನುವುದು ರೂಢಿ. ಪಾಯಿಂಟ್ 22ರ ಸೀಸದ ಗುಂಡು ಎರಡೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ರಿವಾಲ್ವರಿನ ಪಾಯಿಂಟ್ 32ರದ್ದು ಆರು ಗ್ರಾಮಿನ ಮೇಲೆ. ಎರಡನ್ನೂ ಅಂಗೈ ಮೇಲಿಟ್ಟರೆ ಒಂದು ಕಡಲೆಕಾಳು, ಇನ್ನೊಂದು ಹುಣಸೆಬೀಜ ಎನ್ನಬಹುದು.

ಹಾಗಾದರೆ ಇವೆರಡರ ನಡುವೆಯೇ ಯಾಕೆ ಆಯ್ಕೆ? ಸಿನಿಮಾದಲ್ಲಿ ಹೀರೋ ಹಿಡಿಯುವ ನೈನ್ ಎಂಎಂ ಯಾಕಿಲ್ಲ? ಭಾವಮೈದನೂ ಅದನ್ನು ಕೇಳಿದ. ಆ ಆಯ್ಕೆಯನ್ನು ಕಾನೂನು ನಮಗಾಗಿ ಮೊದಲೇ ಮಾಡಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬೋರ್‌ಗಳಲ್ಲಿ ಎರಡು ಜಾತಿ, ನಿಷೇಧಿತ ಮತ್ತು ನಿಷೇಧಿತವಲ್ಲದ್ದು. ಪೊಲೀಸರು, ಸೈನಿಕರು ಬಳಸುವ 9 ಎಂಎಂನಂಥವು ಮೊದಲನೆಯ ಗುಂಪಿನವು, ಸಾಮಾನ್ಯ ಪ್ರಜೆಯ ಕೈಗೆ ಎಟುಕುವುದಿಲ್ಲ. ಉಳಿದದ್ದರಲ್ಲಿ ಕೈಕೋವಿಯೆಂದರೆ ಹೆಚ್ಚುಕಮ್ಮಿ ಈ ಇಪ್ಪತ್ತೆರಡು, ಮೂವತ್ತೆರಡೇ. ಉದ್ದ ಕೋವಿಗಳಲ್ಲಿ ನಮ್ಮ ಹಿರಿಯರು ಬಲ್ಲ ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ ಇವೆ. ಹೊರದೇಶದ ಪಿಸ್ತೂಲು ತರಿಸಿಕೊಳ್ಳುವ ಬಾಗಿಲನ್ನು 1980ರ ದಶಕದ ಮಧ್ಯದಲ್ಲೇ ಮುಚ್ಚಲಾಗಿದೆ.

ಹೀಗಾಗಿ ಬಹುಕಾಲ ಇಲ್ಲಿನವರಿಗೆ ಸಿಗುತ್ತಿದ್ದದ್ದು ಸರ್ಕಾರಿ ಕಾರ್ಖಾನೆಗಳ ಸರಕು. ಪಾಯಿಂಟ್ 32ರ ಆರು ಸುತ್ತಿನ ರಿವಾಲ್ವರ್, ಅದೇ ಬೋರಿನ 'ಅಶನಿ' ಎಂಬ ಪಿಸ್ತೂಲು. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಿತು. ಬೋರ್ ಪಾಯಿಂಟ್ 32, ತೂಕ ಸುಮಾರು ಅರ್ಧ ಕೆ.ಜಿ., ಬೆಲೆ ಆಗಿನ ಕಾಲಕ್ಕೇ 1.22 ಲಕ್ಷ ರೂಪಾಯಿ. ದೆಹಲಿಯಲ್ಲಿ ಅತ್ಯಾಚಾರಕ್ಕೆ ಬಲಿಯಾದ ಹೆಣ್ಣುಮಗಳಿಗೆ ಪತ್ರಿಕೆಗಳು ಇಟ್ಟ 'ನಿರ್ಭಯಾ' ಎಂಬ ಹೆಸರನ್ನು ನೆನಪಿಸುವ ಹೆಸರು, ಹೆಂಗಸರ ಪರ್ಸಿನಲ್ಲಿ ಹಿಡಿಸುತ್ತದೆ ಎಂಬ ಪ್ರಚಾರ. ಬಸ್ಸಿಗೆ ಕಾದು ನಿಲ್ಲುವ ಹುಡುಗಿಗೆ ಲಕ್ಷ ರೂಪಾಯಿಯ ರಿವಾಲ್ವರ್ ಯಾವ ಉತ್ತರ ಎಂದು ಆಗಲೇ ಕೇಳಿದವರಿದ್ದರು. ಆಮೇಲೆ ಈಶಾಪುರದ ಕಾರ್ಖಾನೆಯಿಂದ ಪಾಯಿಂಟ್ 22ರ 'ನಿಡರ್' ಬಂತು, ಕಾಲು ಕೆ.ಜಿ.ಯಷ್ಟು ಪುಟ್ಟದು. 2023ರಲ್ಲಿ ಮತ್ತೆ ಕಾನ್ಪುರದಿಂದ ಪಾಯಿಂಟ್ 32ರ 'ಪ್ರಬಲ್' ಬಂತು. ನಿರ್ಭೀಕ್, ನಿಡರ್, ಪ್ರಬಲ್. ಮೊದಲೆರಡು ಹೆಸರಿಗೂ ಅರ್ಥ ಒಂದೇ, ಭಯವಿಲ್ಲದವನು. ಭಯವಿಲ್ಲದವನಿಗೆ ಇದು ಯಾಕೆ ಬೇಕು ಎಂದು ಹೆಸರಿಟ್ಟವರು ಯೋಚಿಸಿದಂತೆ ಕಾಣುವುದಿಲ್ಲ.

ಇಷ್ಟು ತಿಳಿದುಕೊಂಡು ನಾನು ಹೋದದ್ದು ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ದಿನಾ ಸಿಗುವ ಸ್ನೇಹಿತರೊಬ್ಬರ ಬಳಿಗೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ ಆಗಿದ್ದು ನಿವೃತ್ತರಾದವರು. ಅಂದರೆ ಕೋವಿಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಲೆಕ್ಕ ಇಡುವ ಕೆಲಸ. ಮೂವತ್ತು ವರ್ಷ ಕೋವಿಯ ಜೊತೆಗೇ ಬಾಳಿದ ಮನುಷ್ಯ ಮನೆಯಲ್ಲಿ ಒಂದನ್ನೂ ಇಟ್ಟುಕೊಂಡಿಲ್ಲ. ನನ್ನ ಪ್ರಶ್ನೆ ಕೇಳಿ ನಕ್ಕರು. "ಮೇಷ್ಟ್ರೇ, ಇದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದಂಗಾಯ್ತು. ಆದ್ರೂ ಹೇಳ್ತೀನಿ ಕೇಳಿ" ಎಂದರು.

ಅವರು ಹೇಳಿದ್ದು ಹೀಗೆ. ಕಲಿಯುವವನಿಗೆ ಇಪ್ಪತ್ತೆರಡೇ ಸರಿ. ಹಾರಿಸಿದಾಗ ಕೈಗೆ ಬರುವ ಹಿಂದೇಟು ಕಡಿಮೆ, ಸದ್ದು ಕಡಿಮೆ, ತೋಟಾ ಅಗ್ಗ. ಹೊಸಬನ ದೊಡ್ಡ ಶತ್ರು ಗುರಿಯಲ್ಲ, ತನ್ನದೇ ಬೆಚ್ಚು. ಸದ್ದಿಗೆ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಾನೆ, ಕೈ ಕೆಳಗೆ ಎಳೆಯುತ್ತದೆ, ಗುಂಡು ನೆಲಕ್ಕೆ ಹೋಗುತ್ತದೆ. ಸಣ್ಣ ಬೋರಿನಲ್ಲಿ ಸಾವಿರ ಸಲ ಹಾರಿಸಿದವನಿಗೆ ಆ ಬೆಚ್ಚು ಬಿಡುತ್ತದೆ, ದೊಡ್ಡದರಲ್ಲಿ ಹತ್ತು ಸಲ ಹಾರಿಸಿದವನಿಗೆ ಅದು ಕೈಗೆ ಅಂಟಿಕೊಂಡುಬಿಡುತ್ತದೆ. ಮೂವತ್ತೆರಡಕ್ಕೆ ಪೆಟ್ಟು ಹೆಚ್ಚು. ಇಪ್ಪತ್ತೆರಡರ ತೋಟಾದಲ್ಲಿ ಕಿಡಿ ಹತ್ತಿಸುವ ಮದ್ದು ಹಿಂಬದಿಯ ಅಂಚಿನಲ್ಲಿರುತ್ತದೆ, ಮೂವತ್ತೆರಡರದ್ದು ನಡುವೆ. ಅಂಚಿನದು ಆಗೊಮ್ಮೆ ಈಗೊಮ್ಮೆ ಠುಸ್ ಎನ್ನುವುದುಂಟು, ಹಾಗಾಗಿ ಆತ್ಮರಕ್ಷಣೆಗೆಂದು ಕೇಳುವವರು ಮೂವತ್ತೆರಡನ್ನೇ ನೆಚ್ಚುತ್ತಾರೆ. ಮೂವತ್ತೆರಡರಲ್ಲಿಯೂ ಎರಡುಂಟು. ರಿವಾಲ್ವರಿನ ತೋಟಾ ಉದ್ದ, ಪಿಸ್ತೂಲಿನದು ಗಿಡ್ಡ. ಹೆಸರು ಒಂದೇ ಎಂದು ಒಂದರದ್ದನ್ನು ಇನ್ನೊಂದಕ್ಕೆ ತುಂಬುವಂತಿಲ್ಲ.

"ಸಣ್ಣದು ಅಂತ ಇಪ್ಪತ್ತೆರಡನ್ನ ಆಟದ ಸಾಮಾನು ಅನ್ಕೋಬೇಡಿ" ಎಂದು ಅವರೇ ಸೇರಿಸಿದರು. "ಗುರಿ ತಪ್ಪಿದ್ದು ಒಂದೂವರೆ ಕಿಲೋಮೀಟರ್ ಹೋಗುತ್ತೆ. ನಿಮ್ಮ ಭಾವಮೈದುನನ ತೋಟ ಎಷ್ಟುದ್ದ?"

ನಾಲ್ಕು ಎಕರೆಯ ತೋಟ ಎಷ್ಟುದ್ದ ಇದ್ದೀತು? ಅವನ ಬೇಲಿಯಿಂದ ಆಚೆ ಇನ್ನೊಬ್ಬರ ತೋಟ, ಅದರಾಚೆ ಊರು, ಶಾಲೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಹಿಡಿಯುವವರ ಕೈಯಲ್ಲಿರುವುದು ಯಾವ ಬೋರು? 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದು ಪಾಯಿಂಟ್ 177, ಅಂದರೆ ನಾಲ್ಕೂವರೆ ಮಿಲಿಮೀಟರ್, ಗಾಳಿಯ ಒತ್ತಡದಿಂದ ಹಾರುವ ಗುಂಡು. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ಪಿಸ್ತೂಲು ಪಾಯಿಂಟ್ 22. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲೂ ಪಾಯಿಂಟ್ 22. ಜಗತ್ತಿನ ಅತ್ಯುತ್ತಮ ಗುರಿಕಾರರಿಗೆ ಸಾಕಾದ ಅಳತೆ ಗುಬ್ಬಿಯ ಅಡಿಕೆ ಬೆಳೆಗಾರನಿಗೆ ಸಾಲದು ಎಂದರೆ, ಅವನಿಗೆ ಬೇಕಿರುವುದು ಗುರಿಯಲ್ಲ, ಮತ್ತೇನೋ.

ಆ 7.65 ಎಂಬ ಅಂಕಿ ನೋಡಿದಾಗ ಇನ್ನೊಂದು ನೆನಪು ಬಂತು. ಕೋವಿಯ ಗಂಧವೇ ಇಲ್ಲದ ನನ್ನಂಥವರಿಗೆ ಈ ಅಂಕಿ ಪರಿಚಯವಾದದ್ದು ಪತ್ರಿಕೆಗಳ ಮುಖಪುಟದಿಂದ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಎಂ.ಎಂ. ಕಲಬುರ್ಗಿ ಗುಂಡೇಟಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ತಮ್ಮ ಮನೆಯ ಮುಂದೆಯೇ ಗೌರಿ ಲಂಕೇಶ್. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ತೋಟಾಗಳನ್ನು ಹೋಲಿಸಿದ ವಿಧಿವಿಜ್ಞಾನ ಪರೀಕ್ಷೆ ಬೆರಳು ತೋರಿದ್ದು 7.65 ಎಂಎಂ ನಾಡ ಪಿಸ್ತೂಲಿನತ್ತ. ಲೈಸೆನ್ಸ್ ಇಲ್ಲದ, ಯಾವ ಪುಸ್ತಕದಲ್ಲೂ ನಮೂದಾಗದ ಆಯುಧ. ಕಾನೂನು 'ಸಾಮಾನ್ಯ ಪ್ರಜೆಗೆ ಇಷ್ಟು ಸಾಕು' ಎಂದು ಗೆರೆ ಎಳೆದ ಅಳತೆ ಅದು. ಒಬ್ಬ ವಿದ್ವಾಂಸರನ್ನು, ಒಬ್ಬ ಪತ್ರಕರ್ತೆಯನ್ನು ಅವರವರ ಹೊಸ್ತಿಲಲ್ಲಿ ಕೆಡವಲು ಅಷ್ಟೇ ಸಾಕಾಯಿತು. ಬೋರಿನಲ್ಲಿ ಸಣ್ಣದು, ದೊಡ್ಡದು ಎಂಬುದು ಕೊಳ್ಳುವವನ ಮಾತು. ಎದೆಗೆ ತಾಗಿಸಿಕೊಂಡವನಿಗೆ ಆ ವ್ಯತ್ಯಾಸ ಇಲ್ಲ.

ಮುಂದಿನ ವಾರ ನಾನೇ ಗುಬ್ಬಿಗೆ ಹೋದೆ. ತೋಟದ ಮನೆಯ ಜಗಲಿಯ ಮೇಲೆ ಕೂತು, "ನಿನಗೆ ಯಾರ ಭಯ? ಒಂದೊಂದಾಗಿ ಹೇಳು" ಎಂದೆ. ಅವನು ಬೆರಳು ಮಡಿಸಿದ.

ಮೊದಲನೆಯದು ಚಿರತೆ. ಇದನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. 2019ರ ಕೊನೆ, 2020ರ ಆರಂಭದ ಆ ತಿಂಗಳುಗಳನ್ನು ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿನ ಹಳ್ಳಿಗಳು ಮರೆತಿಲ್ಲ. ದನ ಮೇಯಿಸಲು ಹೋದವರು, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಬಲಿಯಾದರು. ಸಂಜೆ ಐದಕ್ಕೆ ಬಾಗಿಲು ಹಾಕುತ್ತಿದ್ದರು. ಬೋನು, ಕ್ಯಾಮೆರಾ, ಅರಣ್ಯ ಇಲಾಖೆಯ ತಂಡಗಳು ತಿಂಗಳುಗಟ್ಟಲೆ ಅಲೆದಾಡಿದವು. ಆ ಭಯ ನಿಜ. ಆದರೆ ರಿವಾಲ್ವರ್ ಅದಕ್ಕೆ ಮದ್ದಲ್ಲ. ಚಿರತೆ ಎದುರು ನಿಂತು ಸವಾಲು ಹಾಕುವ ಪ್ರಾಣಿಯಲ್ಲ, ಅದು ಬಂದದ್ದು ಗೊತ್ತಾಗುವುದೇ ಮೈಮೇಲೆ ಬಿದ್ದಾಗ. ಪೊದೆಯೊಳಗೆ ಅಲುಗಾಡಿದ್ದಕ್ಕೆ ಇಪ್ಪತ್ತೆರಡೋ ಮೂವತ್ತೆರಡೋ ಹಾರಿಸಿದರೆ, ಸಾಯದೆ ಗಾಯಗೊಂಡ ಚಿರತೆ ಮೊದಲಿಗಿಂತ ಅಪಾಯ. ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿರತೆ ಇದೆ. ಮನುಷ್ಯರ ಜೀವಕ್ಕೆ ಅಪಾಯವೆನಿಸಿದ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಒಳ್ಳೆಯ ಮನಸ್ಸಿನಿಂದ ಕೊಂದರೆ ಅಪರಾಧವಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ, ನಿಜ. ಆದರೆ ಅದು ಮೈಮೇಲೆ ಬಿದ್ದ ಗಳಿಗೆಯ ಮಾತು, ತೋಟ ಸುತ್ತುತ್ತಾ ಹುಡುಕಿ ಹೊಡೆಯುವ ಮಾತಲ್ಲ. ಬೇಲಿಯ ಪೊದೆ ಸವರುವುದು, ನಾಯಿಯನ್ನು ರಾತ್ರಿ ಒಳಗೆ ಕಟ್ಟುವುದು, ಹಟ್ಟಿಗೆ ಬಾಗಿಲು, ಅಂಗಳಕ್ಕೆ ದೀಪ, ಮಕ್ಕಳನ್ನು ಮುಸ್ಸಂಜೆಯಲ್ಲಿ ಒಂಟಿಯಾಗಿ ಬಿಡದಿರುವುದು. ಇಷ್ಟರಿಂದ ಆಗುವ ಉಪಕಾರದ ಕಾಲುಭಾಗ ರಿವಾಲ್ವರಿನಿಂದ ಆಗದು.

ಎರಡನೆಯ ಬೆರಳು, ಕಳ್ಳರು. ಅಡಿಕೆಗೆ ಬೆಲೆ ಬಂದ ವರ್ಷ ಮರದಲ್ಲಿರುವ ಹಸಿಗೊನೆಗೂ ಕಾಲು ಬರುತ್ತದೆ. ರಾತ್ರೋರಾತ್ರಿ ಗೊನೆ ಇಳಿಸಿಕೊಂಡು ಹೋಗುತ್ತಾರೆ. ಭಾವಮೈದನಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಗೊನೆ ಕದಿಯುವವನಿಗೆ ಗುಂಡು ಹೊಡೆಯಬಹುದೇ? ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಹಿಂದೆ ಇದೇ ಮಾತು ದಂಡಸಂಹಿತೆಯ 96ರಿಂದ 106ರವರೆಗೆ ಇತ್ತು. ಆಸ್ತಿಯನ್ನು ಕಾಯುವಾಗ ಎದುರಾಳಿಯ ಪ್ರಾಣ ಹೋದರೂ ಸರಿ ಎನ್ನುವ ಮಟ್ಟಕ್ಕೆ ಆ ಹಕ್ಕು ಹೋಗುವುದು ಸುಲಿಗೆ, ರಾತ್ರಿಯ ಕನ್ನಗಳವು, ಮನೆಗೆ ಬೆಂಕಿ ಇಡುವುದು, ಕಳ್ಳತನವೇ ಆದರೂ ಪ್ರಾಣಕ್ಕೋ ಮೈಗೋ ಭಾರಿ ಅಪಾಯವಿದೆ ಎಂಬ ನಿಜವಾದ ಭಯವಿದ್ದಾಗ. ಗೊನೆ ಹೊತ್ತು ಓಡುವವನ ಬೆನ್ನಿಗೆ ಹೊಡೆದ ಗುಂಡು ಈ ಯಾವುದರೊಳಗೂ ಬರುವುದಿಲ್ಲ. ಕಳ್ಳ ಪಕ್ಕದೂರಿನ ಹದಿನೆಂಟರ ಹುಡುಗನಾಗಿದ್ದರೆ? ಒಂದು ಗೊನೆ ಅಡಿಕೆಗೆ ಅವನ ಪ್ರಾಣ, ಇವನಿಗೆ ಜೈಲು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆಯನ್ನು ಗುಬ್ಬಿಯಲ್ಲೇ ಕೂತು ನೆನೆಯಬೇಕಾಯಿತು.

ಮೂರನೆಯ ಬೆರಳನ್ನು ಅವನು ಮಡಿಸಲು ಹೊರಟು ಬಿಟ್ಟ. ನಾನು ಒತ್ತಾಯಿಸಿದೆ. ಬಹಳ ಹೊತ್ತಾದ ಮೇಲೆ ಹೇಳಿದ: "ಪಕ್ಕದ ತೋಟದೋನು ತಗೊಂಡವ್ನೆ ಭಾವ. ಆಯುಧಪೂಜೆ ದಿನ ಕುಂಕುಮ ಇಟ್ಟು, ಎಲ್ರಿಗೂ ತೋರಿಸ್ದ."

ಇದೇ ನಿಜವಾದ ಬೋರು. ಇದಕ್ಕೆ ಅಂಕಿಯಿಲ್ಲ.

ಪಕ್ಕದವನ ಕಾರು ನೋಡಿ ಕಾರು ಕೊಂಡರೆ ಸಾಲವಾಗುತ್ತದೆ, ಅಷ್ಟೇ. ಪಕ್ಕದವನ ರಿವಾಲ್ವರ್ ನೋಡಿ ರಿವಾಲ್ವರ್ ಕೊಂಡರೆ ಎರಡು ತೋಟಗಳ ನಡುವಿನ ಬದುವಿನ ಜಗಳಕ್ಕೆ ಬೇರೆಯೇ ಬಣ್ಣ ಬರುತ್ತದೆ. ಇಲ್ಲಿಯವರೆಗೆ ಬೈಗುಳದಲ್ಲಿ, ಹೆಚ್ಚೆಂದರೆ ದೊಣ್ಣೆಯಲ್ಲಿ ಮುಗಿಯುತ್ತಿದ್ದದ್ದು ಇನ್ನು ಅಲ್ಲಿಗೆ ಮುಗಿಯುವುದೆಂದು ಹೇಳಲಾಗದು. ಹೀಗೆ ತೋರಿಕೆಗೆ ಹಿಡಿದ ಕೋವಿ ಜಾತ್ರೆ ಮದುವೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರೆಗೂ ಹೋಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅದನ್ನೇ ಅಪರಾಧವೆಂದು ಬರೆದಿದೆ: ಎರಡು ವರ್ಷದವರೆಗೆ ಸೆರೆ, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಕೆಳಕ್ಕೆ ಬರಲೇಬೇಕಲ್ಲ.

ಗುಬ್ಬಿಯಿಂದ ಹೊರಟವನು ಕುಣಿಗಲ್ ಕಡೆಗೂ ಹೋಗಿಬಂದೆ. ಅಲ್ಲಿ ನನ್ನ ಸೋದರಮಾವನ ಮನೆಯ ಅಟ್ಟದ ಪಕ್ಕದ ಬೀರುವಿನಲ್ಲಿ ಅವರ ತಂದೆಯ ಕಾಲದ ಜೋಡಿ ನಳಿಗೆ ಇದೆ. ಶಿಕಾರಿ ಎಂದರೆ ಗೌರವವೆನಿಸಿದ್ದ ಕಾಲದ್ದು. 1972ರ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಕೋವಿ ನಿಂತಲ್ಲೇ ನಿಂತಿತು. ಮಾವನಿಗೆ ಈಗ ಎಪ್ಪತ್ತು ದಾಟಿದೆ. "ಒಂದು ಗುಂಡೂ ಹೊಡೆಯದೆ ಅದನ್ನು ಸಾಕೋದರಲ್ಲೇ ನನ್ನ ಆಯಸ್ಸು ಹೋಯ್ತಪ್ಪ" ಎಂದರು. ಲೈಸೆನ್ಸ್ ನವೀಕರಣಕ್ಕೆ ಓಡಾಟ. ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿ ಅದನ್ನು ಐದಕ್ಕೆ ಏರಿಸಿತು, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ರಾಷ್ಟ್ರೀಯ ದಾಖಲೆಗೆ ಸೇರಿಸಿ ವಿಶಿಷ್ಟ ಸಂಖ್ಯೆ ಪಡೆಯಲು ಇನ್ನೊಂದು ಓಡಾಟ. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಬೇಕು. 2023ರ ವಿಧಾನಸಭೆಗೆ ಒಮ್ಮೆ, 2024ರ ಲೋಕಸಭೆಗೆ ಇನ್ನೊಮ್ಮೆ. ಎರಡೂ ಸಲ ರಶೀದಿ, ಎರಡೂ ಸಲ ವಾಪಸು ತರುವ ಕೆಲಸ.

ಎಪ್ಪತ್ತು ತುಂಬಿದವರು, ಇಲ್ಲವೇ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಬಿಟ್ಟುಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳು ದಾರಿ ಮಾಡಿವೆ. ಮಾವ ಬೆಂಗಳೂರಿನಲ್ಲಿರುವ ಮಗನನ್ನು ಕೇಳಿದರು. "ಅಪ್ಪಾ, ಫ್ಲ್ಯಾಟಲ್ಲಿ ಎಲ್ಲಿಡ್ಲಿ? ಮಗು ಓಡಾಡುತ್ತೆ" ಎಂದನಂತೆ. ಮಾವನಿಗೆ ಬೇಸರವಾಗಲಿಲ್ಲ, ನಿರಾಳವಾಯಿತು ಅನ್ನಿಸುತ್ತದೆ ನನಗೆ. ಕೋವಿ ಕೊಳ್ಳುವುದು ಒಂದು ದಿನದ ಕೆಲಸ, ಬಿಡುವುದು ಒಂದು ತಲೆಮಾರಿನ ಕೆಲಸ ಎಂದು ಅವರ ಬೀರು ನೋಡಿದಾಗ ಹೊಳೆಯಿತು.

ಕೊಡಗಿನವರ ಮಾತು ಬೇರೆ. ಅಲ್ಲಿ ಮಗು ಹುಟ್ಟಿದರೆ ಕೋವಿಯ ಸದ್ದು, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಆ ಸಮುದಾಯದಲ್ಲಿ ಕೋವಿ ಹಿಡಿಯುವುದನ್ನು ಹಿರಿಯರು ಕಿರಿಯರಿಗೆ ಕಲಿಸುವ ಸಂಪ್ರದಾಯವಿದೆ, ಹಿಡಿದವನ ಮೇಲೆ ನೂರು ಕಣ್ಣಿನ ಕಾವಲಿದೆ. ಬಯಲುಸೀಮೆಯ ನಮಗೆ ಆ ಕಲಿಕೆಯೂ ಇಲ್ಲ, ಆ ಕಾವಲೂ ಇಲ್ಲ. ಆಯುಧಪೂಜೆಗೆ ನಾವು ಕುಂಕುಮ ಇಡುವುದು ಕುಡುಗೋಲಿಗೆ, ನೇಗಿಲಿಗೆ, ಟ್ರ್ಯಾಕ್ಟರಿಗೆ.

ಇನ್ನೊಂದು ಮಾತು ಹೇಳಲೇಬೇಕು, ಹೇಳಲು ಕಷ್ಟವಾದರೂ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 2 ಕೋಟಿ 60 ಲಕ್ಷ ಜನರ ದಾಖಲೆಗಳನ್ನು ಹನ್ನೆರಡು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅದು ನೋಡಿದ್ದು ಮೊದಲ ಸಲ ಕೈಕೋವಿ ಕೊಂಡವರನ್ನೇ. ಕೋವಿ ಇಲ್ಲದವರಿಗೆ ಹೋಲಿಸಿದರೆ, ಕೊಂಡ ಗಂಡಸರು ತಮ್ಮ ಗುಂಡಿಗೇ ತಾವು ಬಲಿಯಾಗುವ ಸಂಭವ ಎಂಟರಷ್ಟು, ಹೆಂಗಸರಲ್ಲಿ ಮೂವತ್ತೈದರಷ್ಟು ಹೆಚ್ಚಿತ್ತು. ಆ ಅಪಾಯ ಅತಿ ಹೆಚ್ಚಿದ್ದದ್ದು ಕೊಂಡ ಹೊಸದರಲ್ಲಿ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲಾಗದು. ಆದರೆ ಬೆಳೆ ಕೈಕೊಟ್ಟ ವರ್ಷ, ಬ್ಯಾಂಕಿನ ನೋಟಿಸು ಬಂದ ದಿನ, ಮನೆಯಲ್ಲಿ ಜೋರು ಮಾತಾದ ರಾತ್ರಿ ನಮ್ಮ ಹಳ್ಳಿಗಳಿಗೂ ಬರುತ್ತವೆ. ಅಂಥ ಗಳಿಗೆ ಕಳೆದುಹೋಗುತ್ತದೆ, ಕಳೆಯುವವರೆಗೆ ಕೈಗೆ ಏನೂ ಸಿಗದಿದ್ದರೆ ಸಾಕು. ಕೋವಿ ಮನೆಯಲ್ಲಿರುವುದೆಂದರೆ ಆ ಗಳಿಗೆಯಲ್ಲೂ ಮನೆಯಲ್ಲೇ ಇರುವುದು. ಅಂಥ ಭಾರ ಹೊತ್ತವರು ಓದುತ್ತಿದ್ದರೆ ಒಂದು ಸಂಖ್ಯೆ ಬರೆದುಕೊಳ್ಳಿ: 14416, ಟೆಲಿ ಮನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಹಾಗೆಂದು ಯಾರಿಗೂ ಬೇಡವೇ ಬೇಡ ಎಂದು ನಾನು ತೀರ್ಪು ಕೊಡಲಾರೆ. ನಿಜವಾದ ಜೀವಬೆದರಿಕೆ ಇರುವವರಿದ್ದಾರೆ, ನಗದು ಸಾಗಿಸುವ ಕೆಲಸದವರಿದ್ದಾರೆ, ಗುರಿಯ ಆಟವನ್ನು ಪ್ರೀತಿಸುವ ಹುಡುಗ ಹುಡುಗಿಯರಿದ್ದಾರೆ. ಆಟದ ಆಸೆಯವರಿಗೆ ದಾರಿ ಸುಲಭ. ಪಾಯಿಂಟ್ 177ರ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಕಲಿಸುವವರ ಕಣ್ಣೆದುರು ಅದರಲ್ಲಿ ಒಂದೆರಡು ವರ್ಷ ಪಳಗಿ, ಆಮೇಲೆ ಕ್ಲಬ್ಬಿನಲ್ಲಿ ಇಪ್ಪತ್ತೆರಡು. ಆತ್ಮರಕ್ಷಣೆ ಎನ್ನುವವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ವಯಸ್ಸು 21 ತುಂಬಿರಬೇಕು. ಪೊಲೀಸ್ ಠಾಣೆಯಿಂದ ವರದಿ ಬರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಸುರಕ್ಷತೆಯ ತರಬೇತಿ ಪಡೆದಿರಬೇಕು, ಬೀಗದೊಳಗೆ ಇಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಇದೆಲ್ಲ ಆಗಿ ಲೈಸೆನ್ಸ್ ಕೈಗೆ ಬಂದ ಮೇಲೆ ಅಂಗಡಿ, ಬೋರಿನ ಪ್ರಶ್ನೆ ಅದರ ನಂತರ.

ಅಮಾನಿಕೆರೆಯ ಸ್ನೇಹಿತರು ಕೊನೆಯಲ್ಲಿ ಒಂದು ಉಪಾಯ ಹೇಳಿದ್ದರು. ಅದನ್ನೇ ಭಾವಮೈದನಿಗೆ ಮುಟ್ಟಿಸಿದೆ. "ಮೊದ್ಲು ಪೆಟ್ಟಿಗೆ ತರ್ಸಿ, ಆಮೇಲೆ ಪಿಸ್ತೂಲು. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ. ತೋಟಾಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಎರಡರ ಬೀಗದ ಕೈನೂ ಆರು ತಿಂಗಳು ಸೊಂಟದಲ್ಲೇ ಇರ್ಬೇಕು. ಸ್ನಾನಕ್ಕೆ ಹೋದಾಗ್ಲೂ, ಮದುವೆಗೆ ಹೋದಾಗ್ಲೂ, ಒಂದು ಪೆಗ್ ಹಾಕಿದಾಗ್ಲೂ. ಒಂದೇ ಒಂದು ದಿನ ಬೀಗದ ಕೈ ಎಲ್ಲೋ ಇಟ್ಟು ಹುಡುಕಾಡಿದ್ರೆ ಅವರಿಗೆ ಇಪ್ಪತ್ತೆರಡೂ ಬೇಡ, ಮೂವತ್ತೆರಡೂ ಬೇಡ." ಪೆಟ್ಟಿಗೆ ಖಾಲಿಯಿದ್ದಾಗ ಮರೆತರೆ ನಗಬಹುದು. ತುಂಬಿದ ಮೇಲೆ ಮರೆತರೆ ನಗಲು ಯಾರೂ ಉಳಿಯದೆ ಹೋಗಬಹುದು.

ನನ್ನ ತೀರ್ಮಾನ ಇಷ್ಟು. ಕಲಿಯುವುದಕ್ಕಾದರೆ ಇಪ್ಪತ್ತೆರಡು, ಅದೂ ಕ್ಲಬ್ಬಿನಲ್ಲಿ. ಕಲಿತ ಮೇಲೂ ಜೀವಭಯ ನಿಜವಾಗಿದ್ದರೆ, ಕಾನೂನು ಒಪ್ಪಿದರೆ, ಮನೆಯವರು ಒಪ್ಪಿದರೆ, ಮೂವತ್ತೆರಡು. ಚಿರತೆಗೆ ಎರಡೂ ಅಲ್ಲ, ಕಳ್ಳನಿಗೆ ಎರಡೂ ಅಲ್ಲ, ಪಕ್ಕದ ತೋಟದವನಿಗಂತೂ ಎರಡೂ ಅಲ್ಲ.

ಲೈಸೆನ್ಸಿನ ಅರ್ಜಿಯಲ್ಲಿ ಒಂದು ಅಂಕಣವಿದೆ: ಆಯುಧ ಯಾವ ಕಾರಣಕ್ಕೆ ಬೇಕು? ಭಾವಮೈದ ಹೆಸರು, ವಿಳಾಸ, ತಂದೆಯ ಹೆಸರು, ಸರ್ವೆ ನಂಬರು ಎಲ್ಲ ತುಂಬಿದ್ದಾನೆ. ಆ ಒಂದು ಅಂಕಣ ಇನ್ನೂ ಖಾಲಿ ಇದೆ.